ಮರಿಗೆಂದು ಸಾಕುವ ನಾಟಿ ಹೇಂಟೆಗೆ ದಿನಕ್ಕೆ ಎಷ್ಟು ಕಾಳು ಹಾಕಬೇಕು?

ಕೊಡಗಿನಲ್ಲಿ ನಾಟಿ ಕೋಳಿಗೆ ಗಿರಾಕಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೈಲ್ ಪೊಳ್ದ್ ಹಬ್ಬ ಇರಲಿ, ಪುತ್ತರಿ ಹಬ್ಬ ಇರಲಿ, ನೂಪುಟ್ಟಿನ (ಅಕ್ಕಿ ಶಾವಿಗೆ) ಜೊತೆ ಕೋಳಿ ಸಾರು ಬೇಕೇ ಬೇಕು. ಸುಲಭಕ್ಕೆ ಸಿಗದೆ ಇರುವುದು ಒಳ್ಳೆಯ ಮರಿ. ಅದಕ್ಕೇ ಹದಿನೈದೋ ಇಪ್ಪತ್ತೋ ಹೇಂಟೆ, ಎರಡು ಹುಂಜ ಇಟ್ಟುಕೊಂಡು ಮನೆಯಲ್ಲೇ ಮರಿ ಮಾಡಿಸೋಣ ಎಂದು ಹೊರಡುವವರಿದ್ದಾರೆ.

ಹೀಗೆ ಮರಿಗಾಗಿ ಸಾಕುವ ಹೇಂಟೆಗೆ ದಿನಕ್ಕೆ ಎಷ್ಟು ಕಾಳು ಎಂದು ಕೇಳಿ ನೋಡಿ. "ಒಂದು ಹಿಡಿ ಸಾಕು, ಉಳಿದದ್ದು ತೋಟದಲ್ಲಿ ಮೇಯ್ಕೊಳ್ತವೆ" ಎನ್ನುವವರು ಒಂದು ಕಡೆ. "ತಿಂದಷ್ಟು ಹಾಕಿ, ಜಾಸ್ತಿ ಮೊಟ್ಟೆ ಬರುತ್ತೆ" ಎನ್ನುವವರು ಇನ್ನೊಂದು ಕಡೆ. ಎರಡು ದಾರಿಯಲ್ಲೂ ಮೊಟ್ಟೆ ಕೈತಪ್ಪುತ್ತದೆ. ಯಾಕೆ ಎಂದು ತಿಳಿಯಲು ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಮುಂದಿನ ಎಲ್ಲ ಕೆಲಸ ಈ ಲೆಕ್ಕದ ಮೇಲೇ ನಿಂತಿದೆ.

ಕೊನೆಯ ಇಪ್ಪತ್ತು ಗ್ರಾಂ

ಒಂದೂವರೆ ಕೆಜಿ ತೂಕದ ನಾಟಿ ಹೇಂಟೆ ಎಂದಿಟ್ಟುಕೊಳ್ಳಿ. ಹೊರಗೆ 22 ಡಿಗ್ರಿ ಹವೆ. ಕೊಡುವುದು ಕೆಜಿಗೆ ಸುಮಾರು 2,700 ಕಿಲೋ ಕ್ಯಾಲರಿ ಇರುವ ಸಾಧಾರಣ ಒಳ್ಳೆಯ ಆಹಾರ. ಈ ಕೋಳಿ ಬರೀ ಉಸಿರಾಡಿಕೊಂಡು, ಓಡಾಡಿಕೊಂಡು, ಮೈ ಬಿಸಿ ಇಟ್ಟುಕೊಂಡು ಬದುಕಲು ದಿನಕ್ಕೆ ಸುಮಾರು 65 ಗ್ರಾಂ ಬೇಕು. 45 ಗ್ರಾಂ ತೂಗುವ ಒಂದು ಮೊಟ್ಟೆ ಮಾಡಲು ಅದರ ಮೇಲೆ ಸುಮಾರು 35 ಗ್ರಾಂ ಬೇಕು.

ಈಗ ದಿನಕ್ಕೆ 85 ಗ್ರಾಂ ಕೊಟ್ಟರೆ ಏನಾಗುತ್ತದೆ? 65 ಬದುಕಿಗೆ ಹೋಯಿತು, 20 ಉಳಿಯಿತು. ವಾರಕ್ಕೆ 140 ಗ್ರಾಂ. ಅಂದರೆ ನಾಲ್ಕು ಮೊಟ್ಟೆ. ಕಾಳಿನ ಬೆಲೆ ಏರಿತು ಎಂದು ಅದನ್ನು 75ಕ್ಕೆ ಇಳಿಸಿದಿರಿ. ಇಳಿಸಿದ್ದು ಬರೀ 10 ಗ್ರಾಂ, ನೂರಕ್ಕೆ ಹನ್ನೆರಡು ಪಾಲು. ಆದರೆ ಮೊಟ್ಟೆಗೆ ಉಳಿಯುವುದು ವಾರಕ್ಕೆ 70 ಗ್ರಾಂ, ಅಂದರೆ ಎರಡೇ ಮೊಟ್ಟೆ. ಅರ್ಧಕ್ಕರ್ಧ ಹೋಯಿತು! ಮೊದಲು ಒಂದು ಮೊಟ್ಟೆಗೆ ಸುಮಾರು 150 ಗ್ರಾಂ ಆಹಾರ ಖರ್ಚಾಗುತ್ತಿತ್ತು. ಈಗ 260 ಗ್ರಾಂ ದಾಟಿತು. ಉಳಿತಾಯ ಮಾಡಲು ಹೋಗಿ ಮೊಟ್ಟೆಯೊಂದರ ಖರ್ಚು ಮುಕ್ಕಾಲು ಪಾಲು ಹೆಚ್ಚಾಯಿತು.

ಕೋಳಿ ಮೊದಲು ತನ್ನ ಮೈ ನೋಡಿಕೊಳ್ಳುತ್ತದೆ, ಆಮೇಲೆ ಮೊಟ್ಟೆ. ಕಡಿತ ಬೀಳುವುದು ಯಾವಾಗಲೂ ಮೊಟ್ಟೆಯ ಪಾಲಿಗೇ.

ಹಾಗಂತ 120 ಗ್ರಾಂ ಸುರಿದರೆ ವಾರಕ್ಕೆ ಹನ್ನೊಂದು ಮೊಟ್ಟೆ ಬರುವುದಿಲ್ಲ, ಅಲ್ವಾ? ನಾಟಿ ತಳಿಗೆ ಅದರದೇ ಮಿತಿ ಇದೆ. ಇಡುವ ದಿನಗಳಲ್ಲಿ ವಾರಕ್ಕೆ ನಾಲ್ಕು, ಹೆಚ್ಚೆಂದರೆ ಐದು. ಹನ್ನೆರಡು ಹದಿನೈದು ಇಟ್ಟ ಮೇಲೆ ಕಾವಿಗೆ ಕೂರುತ್ತದೆ. ಹಿತ್ತಲಲ್ಲಿ ಸಾಕಿದ ನಾಟಿ ಹೇಂಟೆ ವರ್ಷಕ್ಕೆ 60ರಿಂದ 80 ಇಡುವುದು ಸಾಮಾನ್ಯ. ಮಿತಿ ಮೀರಿ ತಿಂದದ್ದು ಕೊಬ್ಬಾಗಿ ಹೊಟ್ಟೆಯೊಳಗೆ, ಪಿತ್ತಜನಕಾಂಗದಲ್ಲಿ (ಲಿವರ್) ಕೂರುತ್ತದೆ. ಕೊಬ್ಬಿದ ಹೇಂಟೆ ಮೊಟ್ಟೆ ಕಡಿಮೆ ಇಡುತ್ತದೆ. ಇಡುವಾಗ ತಿಣುಕುತ್ತದೆ, ಕೆಲವೊಮ್ಮೆ ಮೊಟ್ಟೆನಾಳವೇ ಹೊರಬರುತ್ತದೆ. ಹುಂಜ ಮೇಲೇರಿದರೂ ಸರಿಯಾಗಿ ಕೂಡಿಕೆ ಆಗುವುದಿಲ್ಲ.

ಒಟ್ಟಿನಲ್ಲಿ ನಮ್ಮ ಆಟ ಇರುವುದು 80 ಮತ್ತು 95 ಗ್ರಾಂಗಳ ನಡುವೆ. ಹಿಡಿಯಲ್ಲಿ ಅಳೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಮೊದಲ ಕೆಲಸ: ತೂಗಿ

ಎರಡು ತಕ್ಕಡಿ ಬೇಕು. ಕೋಳಿ ತೂಗಲು ನೇತುಹಾಕುವ ಸ್ಪ್ರಿಂಗ್ ತಕ್ಕಡಿ, ಕಾಳು ಮತ್ತು ಮೊಟ್ಟೆ ತೂಗಲು ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ. ಇಷ್ಟಕ್ಕೆ ದುಡ್ಡು ಹಾಕದೆ ಮೊಟ್ಟೆಯ ಲೆಕ್ಕ ಮಾತಾಡುವುದು ಸುಮ್ನೆ.

ಬೆಳಿಗ್ಗೆ ಕಾಳು ಹಾಕುವ ಮೊದಲು ಹತ್ತು ಹೇಂಟೆ ಹಿಡಿದು ತೂಗಿ, ಕಾಲಿಗೆ ಬಣ್ಣದ ದಾರ ಕಟ್ಟಿ. ಮುಂದೆ ಎರಡು ವಾರಕ್ಕೊಮ್ಮೆ ಅವನ್ನೇ ತೂಗಬೇಕು. ತೂಗುವಾಗಲೇ ಎದೆ ಮೂಳೆ ಮುಟ್ಟಿ ನೋಡಿ. ಮೂಳೆ ಕತ್ತಿಯಂತೆ ಚೂಪಾಗಿ ಕೈಗೆ ಸಿಕ್ಕರೆ ಹಸಿವು. ಮೂಳೆಯೇ ಸಿಗದೆ ಎರಡೂ ಕಡೆ ಉಬ್ಬಿದ್ದರೆ ಕೊಬ್ಬು. ಮೂಳೆ ಸಿಗಬೇಕು, ಪಕ್ಕದಲ್ಲಿ ಮಾಂಸ ತುಂಬಿಕೊಂಡಿರಬೇಕು. ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಆ ಹೇಂಟೆ ಮೊಟ್ಟೆ ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ಇಡುತ್ತಿಲ್ಲ, ಸುಮ್ಮನೆ ತಿನ್ನುತ್ತಿದೆ.

ಆಮೇಲೆ ನಿಮ್ಮ ಕಾಳಿನ ಡಬ್ಬ ತೂಗಿ. ಒಂದೇ ಡಬ್ಬದಲ್ಲಿ ನುಚ್ಚು ತುಂಬಿದರೆ ಒಂದು ತೂಕ, ತೌಡು ತುಂಬಿದರೆ ಅದರ ಅರ್ಧದ ಹತ್ತಿರ. ಹಾಗಾಗಿ ಈಗ ಕೊಡುತ್ತಿರುವ ಮಿಶ್ರಣವನ್ನೇ ತುಂಬಿ ತೂಗಿ, ಬೇಕಾದ ತೂಕಕ್ಕೆ ಡಬ್ಬದ ಮೇಲೆ ಗೆರೆ ಹಾಕಿ. ಮನೆಯಲ್ಲಿ ಯಾರು ಹಾಕಿದರೂ ಆ ಗೆರೆವರೆಗೆ.

ಪಡಿ ಗೊತ್ತು ಮಾಡುವುದು

ಕೂಡಿ ಹಾಕಿ ಸಾಕುವವರಿಗೆ ಸುಲಭ. ಇಡುವ ಹೇಂಟೆಗೆ 85 ಗ್ರಾಂನಿಂದ ಶುರು ಮಾಡಿ. ಎರಡು ಕೆಜಿ ಮೀರಿದ ಹುಂಜಕ್ಕೆ 90ರಿಂದ 100. ಇಪ್ಪತ್ತು ಹೇಂಟೆ, ಎರಡು ಹುಂಜಕ್ಕೆ ದಿನಕ್ಕೆ ಹತ್ತಿರ ಹತ್ತಿರ 1 ಕೆಜಿ 900 ಗ್ರಾಂ.

ತೋಟಕ್ಕೆ ಬಿಡುವವರಿಗೆ ಕಷ್ಟ ಇಲ್ಲೇ. ಕೋಳಿ ಕಾಫಿ ಗಿಡದ ಬುಡ ಕೆದಕಿ ಏನೇನು ತಿಂದು ಬಂತೋ ಯಾರಿಗೆ ಗೊತ್ತು? ಅಳೆಯಲು ಒಂದು ಉಪಾಯ ಇದೆ. ಸಂಜೆ ಗೂಡಿಗೆ ಬಂದಾಗ ಹೇಂಟೆಗೆ 60 ಗ್ರಾಂನ ಲೆಕ್ಕದಲ್ಲಿ ತೂಗಿ ಹಾಕಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಗುಡಿಸಿ ತೂಗಿ. ಒಂದು ವಾರ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಕತ್ತಲಾದ ಮೇಲೆ ಗೂಡಿಗೆ ಹೋಗಿ ಕುತ್ತಿಗೆ ಬುಡದ ಚೀಲ ಮುಟ್ಟಿ. ಅದು ನಿಂಬೆಹಣ್ಣಿನ ಗಾತ್ರದಲ್ಲಿ ತುಂಬಿರಬೇಕು. ನಾಲ್ಕೈದು ಕೋಳಿಯ ಚೀಲ ಜೋತು ಬಿದ್ದಿದ್ದರೆ ಅವಕ್ಕೆ ಕಾಳು ಸಿಗುತ್ತಿಲ್ಲ ಎಂದೇ ಅರ್ಥ.

ಮೇವು ಚೆನ್ನಾಗಿರುವ ದಿನಗಳಲ್ಲಿ 40ರಿಂದ 50 ಗ್ರಾಂ ಹಾಕಿದರೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದು ರೆಕ್ಕೆ ಬಂದ ಗೆದ್ದಲು ಏಳುವ ಹೊತ್ತಿಗೆ ಇನ್ನೂ ಕಡಿಮೆ ಸಾಕು. ಅದರಲ್ಲಿ ಪ್ರೋಟೀನೂ ಇದೆ, ಕೊಬ್ಬೂ ಇದೆ. ಆ ವಾರಗಳಲ್ಲಿ ಬುಟ್ಟಿ ತುಂಬುವ ಮೊಟ್ಟೆ ನೋಡಿ "ನಮ್ಮ ಕೋಳಿಗೆ ಇಷ್ಟೇ ಸಾಕು" ಎಂದು ತೀರ್ಮಾನ ಮಾಡಬೇಡಿ. ಜೂನ್ ಬಂದಾಗ ಅದೇ ಲೆಕ್ಕ ಕೈಕೊಡುತ್ತದೆ.

ಮಳೆಗಾಲ ಹಿಡಿದಾಗ

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕೋಳಿ ಗೂಡು ಬಿಟ್ಟು ಹೊರಗೆ ಬರುವುದೇ ಇಲ್ಲ. ಬಂದರೂ ಸೂರಿನ ಕೆಳಗೆ ಮುದುಡಿ ನಿಲ್ಲುತ್ತದೆ. ಮೇವು ನಿಂತಿತು. ಮೈ ಒದ್ದೆಯಾದರೆ ಬಿಸಿ ಕಾಯ್ದುಕೊಳ್ಳಲು ಖರ್ಚೂ ಜಾಸ್ತಿ. ಆದರೆ ಡಬ್ಬ ಮಾತ್ರ ಅದೇ 45 ಗ್ರಾಂ. ಬದುಕಿಗೆ ಬೇಕಾದ 65 ಗ್ರಾಂ ಕೂಡ ಆಗಲಿಲ್ಲ. "ಮಳೆಗೆ ಮೊಟ್ಟೆ ನಿಂತಿತು" ಎನ್ನುತ್ತೇವೆ. ಅರ್ಧ ನಿಜ. ಇನ್ನರ್ಧ ಹಸಿವು.

ಆದ್ದರಿಂದ ಮಳೆ ಕೂತುಕೊಳ್ಳುವ ಮೊದಲೇ ಪಡಿ ಏರಿಸಿ. ಜೂನ್ ಮೊದಲ ವಾರದಿಂದ ಎರಡು ಮೂರು ದಿನಕ್ಕೊಮ್ಮೆ ಐದು ಐದು ಗ್ರಾಂ ಹೆಚ್ಚಿಸುತ್ತಾ 85ಕ್ಕೆ ತನ್ನಿ. ಮೊಟ್ಟೆ ಇಳಿದ ಮೇಲೆ ಏರಿಸಿದರೆ ತಡವಾಯಿತು. ಮೊಟ್ಟೆಯ ಹಳದಿ ತನ್ನ ಕೊನೆಯ ಏಳರಿಂದ ಹತ್ತು ದಿನದಲ್ಲಿ ವೇಗವಾಗಿ ತುಂಬಿಕೊಳ್ಳುತ್ತದೆ. ಇವತ್ತು ಹಾಕಿದ ಕಾಳು ಬುಟ್ಟಿಯಲ್ಲಿ ಕಾಣಲು ಅಷ್ಟು ದಿನ ಬೇಕು. ಕಡಿತ ಮಾಡಿದಾಗಲೂ ಹಾಗೇ. ಮೈಯಲ್ಲಿರುವ ಕೊಬ್ಬು ಕರಗಿಸಿ ಕೆಲವು ದಿನ ಹೇಂಟೆ ಇಡುತ್ತಲೇ ಇರುತ್ತದೆ. "ಕಡಿಮೆ ಮಾಡಿದ್ರೂ ಏನೂ ಆಗ್ಲಿಲ್ಲ" ಎಂದು ನಾವು ಖುಷಿಪಡುವ ಹೊತ್ತಿಗೆ ಒಟ್ಟಿಗೆ ನಿಲ್ಲುತ್ತದೆ.

ಇದೇ ಲೆಕ್ಕ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನಗಳಿಗೂ ಅನ್ವಯ. ಮೈಲುತುತ್ತದ ಹನಿ ಬಿದ್ದ ಎಲೆ, ಗುಂಡಿಯಲ್ಲಿ ನಿಂತ ನೀರು ಕೋಳಿಗೆ ವಿಷ. ಕಾಫಿಗೋ ಮೆಣಸಿಗೋ ಔಷಧಿ ಹೊಡೆದಾಗ ಕೆಲವು ದಿನ ಕೋಳಿ ಕೂಡಿ ಹಾಕುತ್ತೀರಿ. ಸರಿ. ಆದರೆ ಕೂಡಿ ಹಾಕಿದ ದಿನದಿಂದಲೇ ಪೂರ್ತಿ ಪಡಿ ಕೊಡಿ.

ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೊಂದು ತಿದ್ದುಪಡಿ ಬೇಕು. ಹವೆ 22ರಿಂದ 14 ಡಿಗ್ರಿಗೆ ಇಳಿದರೆ ಬದುಕಿನ ಖರ್ಚೇ ಸುಮಾರು 8 ಗ್ರಾಂ ಹೆಚ್ಚುತ್ತದೆ. ಮೇಲಿನ ಲೆಕ್ಕದಲ್ಲಿ ಮೊಟ್ಟೆಗೆ ಉಳಿದದ್ದೇ 20. ಆ ಎಂಟು ಗ್ರಾಂ ನೀವು ಕೊಡದಿದ್ದರೆ ಎಲ್ಲಿಂದ ಹೋಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ರಾತ್ರಿ ಗಾಳಿ ನುಗ್ಗುವ ಕಡೆ ಗೋಣಿ ಕಟ್ಟಿದರೆ ಸ್ವಲ್ಪ ಕಾಳು ಉಳಿಯುತ್ತದೆ. ಮೇಲಿನ ಕಿಂಡಿ ಮಾತ್ರ ಮುಚ್ಚಬೇಡಿ.

ಏನು ಕೊಡುವುದು

ಗ್ರಾಂ ಸರಿ ಇದ್ದು ಬರೀ ನುಚ್ಚು ಹಾಕಿದರೆ ಉಪಯೋಗ ಇಲ್ಲ. ಇಡುವ ಹೇಂಟೆಗೆ ನೂರಕ್ಕೆ 16ರಷ್ಟು ಪ್ರೋಟೀನ್ ಬೇಕು. ನುಚ್ಚಿನಲ್ಲಿರುವುದು ಅದರ ಅರ್ಧ. ಹತ್ತು ಕೆಜಿ ಮಿಶ್ರಣಕ್ಕೆ ಹೀಗೆ ಮಾಡಬಹುದು: ಒಡೆದ ಮುಸುಕಿನಜೋಳ ನಾಲ್ಕೂವರೆ ಕೆಜಿ, ನುಚ್ಚು 1 ಕೆಜಿ 100 ಗ್ರಾಂ, ತೌಡು ಒಂದೂವರೆ ಕೆಜಿ, ಸೋಯಾ ಹಿಂಡಿ 1 ಕೆಜಿ 600 ಗ್ರಾಂ, ಒಣಮೀನಿನ ಪುಡಿ ಅರ್ಧ ಕೆಜಿ, ಕಪ್ಪೆಚಿಪ್ಪಿನ ಪುಡಿ ಅರ್ಧ ಕೆಜಿ, ಕೋಳಿಯ ಮಿನರಲ್ ಮಿಕ್ಸ್ಚರ್ 270 ಗ್ರಾಂ, ಉಪ್ಪು 30 ಗ್ರಾಂ. ಮೀನು ಉಪ್ಪು ಹಾಕಿ ಒಣಗಿಸಿದ್ದಾದರೆ ಬೇರೆ ಉಪ್ಪು ಬೇಡವೇ ಬೇಡ.

ಜೋಳಕ್ಕೆ ದೂರ ಹೋಗಬೇಕಾಗಿಲ್ಲ. ಕುಶಾಲನಗರ, ಶನಿವಾರಸಂತೆ ಕಡೆ ಬೆಳೆಯುತ್ತಾರೆ. ಗದ್ದೆ ಇದ್ದವರಿಗೆ ನುಚ್ಚು, ತೌಡು ಮನೆಯದೇ. ಅಂಗಡಿಯ ಲೇಯರ್ ಮ್ಯಾಶ್ ತರುವವರು ತಂದರೂ ಸರಿ. ಆದರೆ ಅದಕ್ಕೆ ಅರ್ಧದಷ್ಟು ನುಚ್ಚು ಬೆರೆಸಿ "ಲೇಯರ್ ಮ್ಯಾಶ್ ಕೊಡ್ತಿದ್ದೇನೆ" ಎನ್ನಬೇಡಿ. ಪ್ರೋಟೀನೂ ಸುಣ್ಣವೂ ಎರಡೂ ತೆಳುವಾಗುತ್ತವೆ.

ಚಿಪ್ಪಿನ ಪುಡಿಯನ್ನು ಮಿಶ್ರಣದಲ್ಲಿ ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ಉಳಿದದ್ದನ್ನು ಬೇರೆ ಬಟ್ಟಲಲ್ಲಿ ದಪ್ಪ ಚೂರಾಗಿಯೇ ಇಡಿ. ಹೇಂಟೆ ತನಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ, ಹುಂಜಕ್ಕೆ ಅದು ಬೇಕಾಗಿಲ್ಲ. ಮೊಟ್ಟೆಯ ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ಸಂಜೆ ಹೊಟ್ಟೆಯಲ್ಲಿ ದಪ್ಪ ಚೂರು ಇದ್ದರೆ ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ.

ಬೂಸಲಿನ ವಿಷಯ ಸ್ವಲ್ಪ ಜೋರಾಗಿಯೇ ಹೇಳಬೇಕು. ನಮ್ಮ ಮಳೆಗಾಲದಲ್ಲಿ ಜೋಳ, ಕಡಲೆಕಾಯಿ ಹಿಂಡಿ ಎರಡಕ್ಕೂ ಬೂಸಲು ಹಿಡಿಯಲು ಹೆಚ್ಚು ದಿನ ಬೇಡ. ಅದರಿಂದ ಬರುವ ಅಫ್ಲಾಟಾಕ್ಸಿನ್ ವಿಷ ಪಿತ್ತಜನಕಾಂಗ ಕೆಡಿಸುತ್ತದೆ, ಮೊಟ್ಟೆ ಇಳಿಸುತ್ತದೆ, ಮರಿ ಒಡೆಯುವುದನ್ನೂ ಕಡಿಮೆ ಮಾಡುತ್ತದೆ. ಒಣಗಿಸಿದರೆ, ಹುರಿದರೆ ಬೂಸಲು ಕಾಣದಿರಬಹುದು, ವಿಷ ಹೋಗುವುದಿಲ್ಲ. ಮನೆಗೆ ಆಗದ ಕಾಳು ಕೋಳಿಗೆ ಎನ್ನುವ ಅಭ್ಯಾಸವನ್ನು ಮರಿಗೆ ಸಾಕುವವರು ಬಿಡಲೇಬೇಕು. ಜೋಳ ಕೊಳ್ಳುವಾಗ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ನೋಡಿ. ಟಕ್ ಎಂದು ಒಡೆಯಬೇಕು, ಹಲ್ಲಿಗೆ ಮೆತ್ತಬಾರದು. ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಒಲೆ ಉರಿಯುವ ಮನೆಯಲ್ಲಿ ಅಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ.

ನೀರು ಯಾವಾಗಲೂ ಇರಲಿ. ಕೋಳಿ ತಿಂದ ತೂಕದ ಎರಡರಷ್ಟು ಕುಡಿಯುತ್ತದೆ. ನೀರಿಲ್ಲದಿದ್ದರೆ ತಿನ್ನುವುದನ್ನೇ ಬಿಡುತ್ತದೆ.

ಯಾವಾಗ, ಹೇಗೆ ಹಾಕುವುದು

ತೋಟಕ್ಕೆ ಬಿಡುವವರು ಬೆಳಿಗ್ಗೆ ಪಡಿಯ ಮೂರರಲ್ಲಿ ಒಂದು ಪಾಲು, ಸಂಜೆ ಎರಡು ಪಾಲು ಹಾಕಿ. ಬೆಳಿಗ್ಗೆ ಹೊಟ್ಟೆ ತುಂಬಿದರೆ ಮೇಯಲು ಹೋಗುವುದಿಲ್ಲ, ಕಣದ ಬದಿಯಲ್ಲೇ ಬಿದ್ದುಕೊಂಡಿರುತ್ತವೆ. ಸಂಜೆಯ ಕಾಳಿಗೆ ಇನ್ನೊಂದು ಲಾಭ ಇದೆ. ಕತ್ತಲಾಗುವ ಮೊದಲು ತಾವಾಗೇ ಗೂಡಿಗೆ ಬರುತ್ತವೆ. ಕಾಡುಬೆಕ್ಕು, ಪುನುಗು ಓಡಾಡುವ ತೋಟದಲ್ಲಿ ಇದು ಸಣ್ಣ ವಿಷಯ ಅಲ್ಲ.

ಪಡಿ ತೂಗಿ ಕೊಡುವಾಗ ಒಂದು ತೊಂದರೆ ಎದುರಾಗುತ್ತದೆ. ಸರಾಸರಿ 85 ಎಂದು ಲೆಕ್ಕ ಹಾಕಿದ್ದೀರಿ. ಆದರೆ ಜೋರಿನ ಹೇಂಟೆ 110 ತಿಂದಿತು, ಎಲ್ಲರಿಂದಲೂ ಕುಕ್ಕಿಸಿಕೊಳ್ಳುವ ಹೇಂಟೆಗೆ ಸಿಕ್ಕಿದ್ದು 60. ಮೊದಲನೆಯದು ಕೊಬ್ಬಿತು, ಎರಡನೆಯದು ಇಡಲಿಲ್ಲ. ಲೆಕ್ಕ ಸರಿ, ಬುಟ್ಟಿ ಖಾಲಿ! ಅದಕ್ಕೆ ಎಲ್ಲವೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ತೊಟ್ಟಿ ಬೇಕು. ಒಂದು ಕೋಳಿಗೆ ಕಡಿಮೆ ಎಂದರೂ 10 ಸೆಂಟಿಮೀಟರ್. ಬಿದಿರು ಸೀಳಿದರೆ ತೊಟ್ಟಿ ಆಯಿತು, ದುಡ್ಡಿನ ಮಾತೇ ಇಲ್ಲ. ಎರಡು ಮೂರು ಕಡೆ ಇಡಿ. ಹುಂಜದ ಪಾಲನ್ನು ಹೇಂಟೆಗೆ ಎಟುಕದ ಎತ್ತರದಲ್ಲಿ ನೇತುಹಾಕಿದ ಡಬ್ಬದಲ್ಲಿ ಕೊಡಿ.

ಪುಸ್ತಕದಲ್ಲಿ ಬರೆದಿಡಿ, ಐದು ಗ್ರಾಂ ಬದಲಿಸಿ, ಕಾಯಿರಿ

ಒಂದು ನೋಟ್ ಪುಸ್ತಕ ಗೂಡಿನ ಬಾಗಿಲಲ್ಲೇ ನೇತಾಡಲಿ. ಹಾಕಿದ ಕಾಳು, ಸಿಕ್ಕ ಮೊಟ್ಟೆ, ವಾರಕ್ಕೊಮ್ಮೆ ಹತ್ತು ಮೊಟ್ಟೆಯ ತೂಕ, ಎರಡು ವಾರಕ್ಕೊಮ್ಮೆ ಆ ದಾರ ಕಟ್ಟಿದ ಹೇಂಟೆಗಳ ತೂಕ. ಇಷ್ಟು ಸಾಕು.

ಇದನ್ನು ಓದುವುದು ಹೀಗೆ. ಹೇಂಟೆ ತೂಕ ಇಳಿಯುತ್ತಿದೆ, ಮೊಟ್ಟೆಯೂ ಇಳಿಯುತ್ತಿದೆ: ಐದು ಗ್ರಾಂ ಏರಿಸಿ. ಹೇಂಟೆ ತೂಕ ಏರುತ್ತಿದೆ, ಮೊಟ್ಟೆ ಏರುತ್ತಿಲ್ಲ: ಐದು ಗ್ರಾಂ ಇಳಿಸಿ. ಹೇಂಟೆ ತೂಕ ಇಳಿಯುತ್ತಿದೆ, ಮೊಟ್ಟೆ ಇನ್ನೂ ಚೆನ್ನಾಗಿದೆ: ಇದನ್ನೇ ಜಾಸ್ತಿ ಜನ ಗಮನಿಸುವುದಿಲ್ಲ. ಅದು ತನ್ನ ಮೈ ಕರಗಿಸಿ ನಿಮಗೆ ಕೊಡುತ್ತಿದೆ. ತಕ್ಷಣ ಏರಿಸಿ. ಒಂದು ಬದಲಾವಣೆ ಮಾಡಿದ ಮೇಲೆ ಎರಡು ವಾರ ಬೇರೆ ಏನನ್ನೂ ಮುಟ್ಟಬೇಡಿ. ಕಾಳಿನ ಜಾತಿಯೂ ಬದಲು, ಪಡಿಯೂ ಬದಲು, ಗೂಡೂ ಬದಲು ಎಂದರೆ ಯಾವುದರಿಂದ ಏನಾಯಿತು ಎಂದು ಹೇಳುವವರು ಯಾರು?

ಹೊಸದಾಗಿ ಇಡಲು ಶುರು ಮಾಡುವ ಹೇಂಟೆಗೆ ಆರು ತಿಂಗಳು ತುಂಬುತ್ತಿರುತ್ತದೆ. ಜುಟ್ಟು ಕೆಂಪೇರಿದಾಗ ವಾರಕ್ಕೆ ಐದು ಗ್ರಾಂನಂತೆ ಏರಿಸಿ. ಒಮ್ಮೆಲೇ ಸುರಿದರೆ ಎರಡು ಹಳದಿಯ ಮೊಟ್ಟೆಗಳು ಬರುತ್ತವೆ. ನೋಡಲು ಚೆಂದ, ಮರಿಗೆ ಆಗುವುದಿಲ್ಲ.

ಮರಿ ಮಾಡಿಸುವ ಮೊಟ್ಟೆಗೆ ಇನ್ನೂ ಸ್ವಲ್ಪ

ಕಾಳಿನ ತೂಕ ಕಡಿಮೆಯಾದರೆ ಮೊಟ್ಟೆಯ ಸಂಖ್ಯೆ ಇಳಿಯುತ್ತದೆ. ವಿಟಮಿನ್ ಕಡಿಮೆಯಾದರೆ ಮೊಟ್ಟೆ ಬರುತ್ತದೆ, ಮರಿ ಬರುವುದಿಲ್ಲ. ರೈಬೋಫ್ಲಾವಿನ್ ಸಾಲದಿದ್ದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಹೊರಬಂದ ಮರಿಯ ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿರುತ್ತವೆ. ಕೂಡಿ ಹಾಕಿದ ಕೋಳಿಗೆ ದಿನಾ ನುಗ್ಗೆಸೊಪ್ಪು, ಅಜೋಲಾ, ಎಳೆ ಹುಲ್ಲು ಏನಾದರೂ ಹಸಿರು ಕಟ್ಟಿ ತೂಗುಹಾಕಿ. ಮಳೆಗಾಲದಲ್ಲಿ ವಿಟಮಿನ್ ಪುಡಿ ಬೆರೆಸುವುದು ಒಳ್ಳೆಯದು.

ಎಂಟು ಹತ್ತು ಹೇಂಟೆಗೆ ಒಂದು ಹುಂಜ. ಹುಂಜ ಬದಲಿಸಿದರೆ ಎರಡು ವಾರ ಬಿಟ್ಟು ಮೊಟ್ಟೆ ಎತ್ತಿಡಿ, ಹಳೆಯ ಹುಂಜದ ಬೀಜ ಅಷ್ಟು ದಿನ ಹೇಂಟೆಯೊಳಗೆ ಉಳಿದಿರುತ್ತದೆ. ಕಾವಿಗೆ ಇಡುವ ಮೊಟ್ಟೆ ಏಳು ದಿನಕ್ಕಿಂತ ಹಳತಾಗಬಾರದು. ತೊಳೆಯಬೇಡಿ. ಚೂಪು ತುದಿ ಕೆಳಗೆ ಮಾಡಿ ತಂಪು ಕೋಣೆಯಲ್ಲಿಡಿ.

ಗಿರಿರಾಜ ಸಾಕುವವರಿಗೆ ಒಂದು ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಆ ತಳಿಯ ಹೇಂಟೆ ಮೂರು ಕೆಜಿ ಮುಟ್ಟುತ್ತದೆ. ಅದಕ್ಕೆ ಬದುಕಲು ಮಾತ್ರ 110 ಗ್ರಾಂ ಬೇಕು, ಮೊಟ್ಟೆ ಸೇರಿ 130ರ ಆಸುಪಾಸು. ನಾಟಿಯ ಲೆಕ್ಕದಲ್ಲಿ 85 ಕೊಟ್ಟರೆ ಉಪವಾಸ. ಬೇಕಾದಷ್ಟು ತಿನ್ನಲು ಬಿಟ್ಟರೆ ನಾಟಿಗಿಂತ ಬೇಗ ಕೊಬ್ಬುತ್ತದೆ. ಎರಡನ್ನೂ ಒಂದೇ ಗೂಡಿನಲ್ಲಿ ಸಾಕಿ ಪಡಿ ಸರಿ ಮಾಡಲು ಆಗುವುದಿಲ್ಲ.

ಕಾಳನ್ನು ದೂರುವ ಮೊದಲು

ಪಡಿ ಸರಿ ಇದೆ, ಹೇಂಟೆಯ ತೂಕ ಸರಿ ಇದೆ, ಆದರೂ ಮೊಟ್ಟೆ ಇಲ್ಲ. ಆಗ ಬೇರೆ ಕಡೆ ನೋಡಿ.

ಕಾವಿಗೆ ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು ಸ್ವಲ್ಪ ತಿನ್ನುತ್ತದೆ ಅಷ್ಟೇ. ಅದನ್ನು ಲೆಕ್ಕದಿಂದ ತೆಗೆದು ಪಡಿ ಇಳಿಸಿ, ಇಲ್ಲದಿದ್ದರೆ ಅದರ ಪಾಲು ಬೇರೆಯವು ತಿಂದು ಕೊಬ್ಬುತ್ತವೆ. ಮತ್ತೆ ಬೇಗ ಮೊಟ್ಟೆ ಬೇಕಾದರೆ ಗಾಳಿಯಾಡುವ ಸರಳಿನ ತಳದ ಪಂಜರದಲ್ಲಿ ಮೂರು ನಾಲ್ಕು ದಿನ ಕಾಳು ನೀರು ಕೊಟ್ಟು ಇಡಿ, ಕಾವು ಬಿಡುತ್ತದೆ. ನೀರಲ್ಲಿ ಮುಳುಗಿಸುವುದೆಲ್ಲ ಬೇಡ, ನಮ್ಮ ಚಳಿಗೆ ಅದು ಹಿಂಸೆ. ಗರಿ ಉದುರಿಸುವ ಹೇಂಟೆ ಇಡುವುದಿಲ್ಲ ಎಂದು ಪಡಿ ಕತ್ತರಿಸುವವರಿದ್ದಾರೆ. ಗರಿ ಎಂದರೆ ಹೆಚ್ಚೂಕಡಿಮೆ ಪೂರ್ತಿ ಪ್ರೋಟೀನ್. ಆಗ ಹಸಿವಾದರೆ ಗರಿಯೂ ತಡ, ಮೊಟ್ಟೆಯೂ ತಡ.

ಬೆಳಕು ಇನ್ನೊಂದು. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಹೇಂಟೆ ಚೆನ್ನಾಗಿ ಇಡಲು ಹದಿನಾಲ್ಕು ಗಂಟೆ ಬೆಳಕು ಬೇಕು. ಬೆಳಗಿನ ಜಾವ ಸಣ್ಣ ಬಲ್ಬು ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತಾ ಹೋಗಿ. ಬೆಳಕು ಏರಿಸಿದರೆ ಪಡಿಯನ್ನೂ ಜೊತೆಗೆ ಏರಿಸಬೇಕು.

ಜಂತುಹುಳ, ಮೈಹೇನು ನೋಡಿ. ಹಿಕ್ಕೆ ತೆಗೆದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋದರೆ ಪರೀಕ್ಷೆ ಮಾಡಿ ಔಷಧಿ ಹೇಳುತ್ತಾರೆ. ಆಹಾರ ಬೆರೆಸುವ ಬಗ್ಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕೊನೆಗೆ, ಹೇಂಟೆ ಇಡುತ್ತಲೇ ಇರಬಹುದು, ನಿಮಗೆ ಸಿಗುತ್ತಿಲ್ಲದಿರಬಹುದು. ಮೆಣಸಿನ ಬಳ್ಳಿಯ ಬುಡ, ಕಾಫಿ ಸಾಲಿನ ತೊಟ್ಟಿಲುಗುಂಡಿ, ಸೌದೆ ರಾಶಿಯ ಹಿಂದೆ ಒಂದು ಸಲ ಹುಡುಕಿ ಬನ್ನಿ. ಹಾವು, ಮುಂಗುಸಿ ನಿಮಗಿಂತ ಮೊದಲೇ ಹೋಗಿ ಬಂದಿರುತ್ತವೆ. ಒಂದು ವಾರ ಬೆಳಿಗ್ಗೆ ಹನ್ನೊಂದರವರೆಗೆ ಕೋಳಿ ಬಿಡಬೇಡಿ. ಹೆಚ್ಚಿನವು ಅಷ್ಟರೊಳಗೆ ಇಡುತ್ತವೆ. ಬುಟ್ಟಿಯಲ್ಲಿ ಮೊಟ್ಟೆ ಏಕಾಏಕಿ ಹೆಚ್ಚಾದರೆ ಡಬ್ಬದ ಗೆರೆ ಬದಲಿಸುವ ಅಗತ್ಯ ಇಲ್ಲ, ಬಾಗಿಲು ತೆರೆಯುವ ಹೊತ್ತು ಬದಲಿಸಿದರೆ ಸಾಕು.